ಆಟಗಳಲ್ಲಿ ದೈವವೂ ಪುರುಷಕಾರವೂ

ಕಳೆದ ದಸರೆಯ ರಜೆಯಲ್ಲಿ ನನ್ನ ದೌಹಿತ್ರನು ಬೆಂಗಳೂರಿನಿಂದ ಹುಣಸೂರಿಗೆ ಬಂದಿದ್ದನು. ಇಂಜಿನಿಯರಿಂಗ್ ಓದುವ ಹುಡುಗ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ತದೇಕಚಿತ್ತನಾಗಿ ಕುಳಿತಿದ್ದುದನ್ನು ಕಂಡು, “ಏನಪ್ಪ, ಸಿನಿಮಾವೇ?” ಎಂದು ಕೇಳಿದೆನು. “ಅಲ್ಲ ತಾತ, ವಿಡಿಯೋ ಗೇಮು. ಸಿನಿಮಾದಲ್ಲಿ ಅವರು ಮಾಡಿದ್ದನ್ನು ನಾವು ನೋಡಬೇಕು, ಇದರಲ್ಲಿ ಏನು ಮಾಡಬೇಕೆಂದು ನಾವೇ ಆರಿಸಬೇಕು” ಎಂದನು. ಕುತೂಹಲದಿಂದ ಪಕ್ಕದಲ್ಲಿ ಕುಳಿತು ನೋಡಿದೆನು.

ಅದು ಅಮೆರಿಕದ ಟೆಲ್‌ಟೇಲ್ ಎಂಬ ಸಂಸ್ಥೆಯು ೨೦೧೨ರಲ್ಲಿ ಹೊರತಂದ ‘ದಿ ವಾಕಿಂಗ್ ಡೆಡ್’ ಎಂಬ ಕಥಾರೂಪದ ಆಟ. ಕಥಾನಾಯಕನಾದ ಲೀ ಎಂಬವನು ಹಿಂದೆ ಇತಿಹಾಸವನ್ನು ಬೋಧಿಸುತ್ತಿದ್ದವನು. ಕೊಲೆಯ ಅಪರಾಧಿಯಾಗಿ ಸೆರೆಮನೆಗೆ ಸಾಗುತ್ತಿರುವಾಗ ದೇಶದಲ್ಲಿ ಸತ್ತವರು ಬೇತಾಳಗಳಂತೆ ಎದ್ದು ತಿರುಗಲಾರಂಭಿಸುವರು. ತಂದೆತಾಯಿಗಳಿಂದ ಅಗಲಿದ ಕ್ಲೆಮೆಂಟೈನ್ ಎಂಬ ಪುಟ್ಟ ಬಾಲಿಕೆಯ ರಕ್ಷಣೆ ಅವನ ಪಾಲಿಗೆ ಬರುವುದು. ಯಾರಾದರೂ ಪ್ರಶ್ನೆ ಕೇಳಿದರೆ ತೆರೆಯ ಮೇಲೆ ಮೂರು ನಾಲ್ಕು ಉತ್ತರಗಳು ಮೂಡುವುವು; ಕೆಲವೇ ಕ್ಷಣಗಳಲ್ಲಿ ಒಂದನ್ನು ಆರಿಸಬೇಕು. ಸುಮ್ಮನಿರುವುದೂ ಅಲ್ಲಿ ಒಂದು ಉತ್ತರವೇ. ಒಂದೆಡೆ ಇಬ್ಬರು ಏಕಕಾಲದಲ್ಲಿ ಅಪಾಯಕ್ಕೆ ಸಿಲುಕುವರು. ಒಬ್ಬರನ್ನು ಮಾತ್ರ ಉಳಿಸಬಹುದು. ನಮ್ಮ ಹುಡುಗನು ಒಬ್ಬರನ್ನು ಉಳಿಸಿ, ನಿಟ್ಟುಸಿರು ಬಿಟ್ಟು, ಆಟವನ್ನು ಹಿಂದಕ್ಕೆ ತಿರುಗಿಸಿ, ಮತ್ತೊಬ್ಬರನ್ನು ಉಳಿಸಿ ನೋಡಿದನು. ಆಮೇಲೆ ಬೇಸರದಿಂದ, “ಏನು ಆರಿಸಿದರೂ ಕೊನೆಯಲ್ಲಿ ಲೀ ಸಾಯಲೇಬೇಕು, ತಾತ. ಕಥೆ ಮೊದಲೇ ಬರೆದಿಟ್ಟದ್ದು. ಹಾಗಿದ್ದ ಮೇಲೆ ಆರಿಸಿ ಏನು ಬಂತು?” ಎಂದನು.

ಆ ಪ್ರಶ್ನೆಗೆ ಆಗ ನಾನು ಉತ್ತರ ಹೇಳಲಿಲ್ಲ. ಆದರೆ ಅದು ವಿಡಿಯೋ ಗೇಮಿನೊಡನೆ ಹುಟ್ಟಿದ ಪ್ರಶ್ನೆಯಲ್ಲವೆಂಬುದು ಮಾತ್ರ ಮನಸ್ಸಿಗೆ ಹೊಳೆಯಿತು. ನಮ್ಮ ನಾಡಿನ ಪಡಸಾಲೆಗಳಲ್ಲಿ, ಜಗಲಿಗಳಲ್ಲಿ, ದೇವಾಲಯದ ಹಾಸುಗಲ್ಲುಗಳ ಮೇಲೆ, ಅರಮನೆಗಳಲ್ಲಿ ಬಹುಕಾಲದಿಂದ ಆಡಿಕೊಂಡು ಬಂದಿರುವ ಆಟಗಳೆಲ್ಲ ಈ ಪ್ರಶ್ನೆಯನ್ನು ಒಂದೊಂದು ಬಗೆಯಾಗಿ ಕೇಳಿವೆ. ಅವುಗಳ ಚರಿತ್ರೆಯನ್ನು ಸ್ವಲ್ಪಮಟ್ಟಿಗೆ ವಿಚಾರಿಸಿ, ಹುಡುಗನ ಮಾತಿಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶವು.

ಆಟಗಳ ವಿಷಯವು ವಿದ್ವಾಂಸರ ಗಮನಕ್ಕೆ ಯೋಗ್ಯವಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳ, ನೂರು ಅಧ್ಯಾಯಗಳ ಗ್ರಂಥವು, ಅದರ ಕಡೆಯ ವಿಂಶತಿಗೆ ಕ್ರೀಡಾವಿಂಶತಿಯೆಂದೇ ಹೆಸರು. ದಾಳದ ಆಟಕ್ಕೂ ಕವಡೆಯ ಆಟಕ್ಕೂ ಅಲ್ಲಿ ಸ್ಥಾನವುಂಟು. ಅದಕ್ಕಿಂತ ಹಿಂದೆ, ೯೪೧ರಲ್ಲಿ ಪಂಪನು ರಚಿಸಿದ ‘ವಿಕ್ರಮಾರ್ಜುನವಿಜಯ’ದಲ್ಲಿ ಭಾನುಮತಿಯು ನೆತ್ತವಾಡಿದ ಪ್ರಸಂಗವನ್ನು ಕುರಿತು ವಿದ್ವಾಂಸರಲ್ಲಿ ನಡೆದ ಚರ್ಚೆಯನ್ನು ವಾಚಕರು ಬಲ್ಲರು. ನೆತ್ತವೆಂದರೆ ಪಗಡೆಯಾಟ. ಕನ್ನಡಕ್ಕೆ ಆ ಮಾತು ಸಾವಿರ ವರ್ಷಗಳ ಹಿಂದೆಯೇ ಮನೆಮಾತಾಗಿತ್ತು.

ಮಣೆ, ಹಾಸು, ಪಟಗಳ ಮೇಲೆ ಆಡುವ ನಮ್ಮ ಆಟಗಳನ್ನು, ದೈವಕ್ಕೂ ಪುರುಷಕಾರಕ್ಕೂ ಅವು ಕೊಡುವ ಪಾಲನ್ನು ನೋಡಿ, ಮೂರು ವರ್ಗಗಳಾಗಿ ಮಾಡಬಹುದು.

ಮೊದಲನೆಯದು ಕೇವಲ ದೈವದ ಆಟ. ಪರಮಪದಸೋಪಾನ ಪಟವು ಇದಕ್ಕೆ ಉತ್ತಮ ನಿದರ್ಶನವು. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಅದನ್ನು ಹಾಸಿ ಆಡುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ಸದ್ಗುಣದ ಮನೆಯಲ್ಲಿ ಏಣಿಯ ಬುಡ, ದುರ್ಗುಣದ ಮನೆಯಲ್ಲಿ ಹಾವಿನ ಹೆಡೆ, ಎಲ್ಲಕ್ಕೂ ಮೇಲೆ ಪರಮಪದ. ಇಲ್ಲಿ ಕಥೆ ತುಂಬಿ ತುಳುಕುತ್ತದೆ. ಜೀವನು ಕೆಳಗಿನಿಂದ ಹೊರಟು ಏಳುಬೀಳುಗಳನ್ನು ಕಂಡು ಮುಕ್ತಿಯನ್ನು ಸೇರುವುದೇ ಆ ಕಥೆ. ಆದರೆ ಆಡುವವನಿಗೆ ಆರಿಸುವ ಅಧಿಕಾರವು ಎಳ್ಳಷ್ಟೂ ಇಲ್ಲ. ದಾಳ ಹೇಳಿದಷ್ಟು ಮನೆ ನಡೆಯಬೇಕು, ಅಷ್ಟೇ. ಬಾಲ್ಯದಲ್ಲಿ ನಾನೊಮ್ಮೆ ಅಹಂಕಾರವೆಂಬ ಹಾವಿನ ಬಾಯಿಗೆ ಬಿದ್ದು, “ನಾನು ಯಾರ ಮೇಲೆ ಜಂಬ ಮಾಡಿದೆ, ಅಜ್ಜಿ?” ಎಂದು ಅಳುತ್ತ ಕೇಳಿದ್ದೆನು. “ಹಿಂದಿನ ಜನ್ಮದಲ್ಲಿ ಮಾಡಿದ್ದೆಯೇನೋ, ಆಡು” ಎಂದರು ನಮ್ಮಜ್ಜಿ. ಆ ಉತ್ತರದಿಂದ ನನಗೆ ಅಂದು ಸಮಾಧಾನವಾಗಲಿಲ್ಲ. ಇಂದೂ ಪೂರ್ತಿಯಾಗಿ ಆಗಿಲ್ಲ.

ಈ ಬಗೆಯ ಆಟವು ನಮ್ಮಲ್ಲಿ ಮಾತ್ರವೇ ಇರುವುದಲ್ಲ. ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ೧೯೬೧ರಿಂದ ನೆಲೆಸಿರುವ ಟಿಬೆಟ್ಟಿನ ಜನರ ಪರಂಪರೆಯಲ್ಲಿಯೂ ನರಕದಿಂದ ಬುದ್ಧತ್ವದವರೆಗೆ ದಾಳದ ಬಲದಿಂದ ಏರುವ ಪಟವೊಂದುಂಟು. ೧೩ನೆಯ ಶತಮಾನದ ಸಾಕ್ಯಪಂಡಿತನು ರೋಗಿಯಾದ ತನ್ನ ತಾಯಿಯ ಮನೋವಿನೋದಕ್ಕಾಗಿ ಅದನ್ನು ನಿರ್ಮಿಸಿದನೆಂದು ಅವರಲ್ಲಿ ಐತಿಹ್ಯವಿದೆ. ೧೯ನೆಯ ಶತಮಾನದ ಕೊನೆಯಲ್ಲಿ ನಮ್ಮ ಪಟವೇ ಇಂಗ್ಲೆಂಡಿಗೆ ಹೋಗಿ, ಕಾಲಕ್ರಮದಲ್ಲಿ ಪರಮಪದವನ್ನು ಕಳೆದುಕೊಂಡು, ಬರಿಯ ಹಾವು ಏಣಿಯ ಆಟವಾಗಿ ಹಿಂದಿರುಗಿತು.

ಎರಡನೆಯ ವರ್ಗವು ದೈವ ಪುರುಷಕಾರಗಳು ಕೂಡಿದ ಆಟ. ಪಗಡೆಯೂ ಚೌಕಾಬಾರವೂ ಇದಕ್ಕೆ ಸೇರಿದವು. ಚೌಕಾಬಾರದ ಮಣೆಯಲ್ಲಿ ೨೫ ಮನೆಗಳು: ಹೊರಸುತ್ತಿನಲ್ಲಿ ೧೬, ಒಳಸುತ್ತಿನಲ್ಲಿ ೮, ನಡುವೆ ೧. ನಾಲ್ಕು ಕವಡೆಗಳನ್ನು ಎಸೆಯುವರು. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಅಂದರೆ ಎಂಟು. ಕವಡೆಯು ಎರಡು ಕಡೆಗೂ ಸಮನಾಗಿ ಬೀಳುವುದೆಂದು ಭಾವಿಸಿದರೆ, ಒಟ್ಟು ೧೬ ಬಗೆಗಳಲ್ಲಿ ಎರಡು ಬೀಳುವ ಬಗೆ ೬, ಒಂದು ಬೀಳುವುದು ೪, ಮೂರು ಬೀಳುವುದು ೪. ಚೌಕಕ್ಕೂ ಬಾರಕ್ಕೂ ಒಂದೊಂದೇ. ಇಷ್ಟು ದೈವದ ಪಾಲು. ಆದರೆ ಬಿದ್ದ ಎರಡನ್ನು ನಾಲ್ಕು ಕಾಯಿಗಳಲ್ಲಿ ಯಾವುದಕ್ಕೆ ನಡೆಸಬೇಕು? ಕಟ್ಟೆಯ ಮೇಲೆ ನಿರ್ಭಯವಾಗಿ ಕುಳಿತ ಕಾಯನ್ನು ಎಬ್ಬಿಸಬೇಕೇ, ಎದುರಾಳಿಯ ಕಾಯನ್ನು ಹೊಡೆಯಬೇಕೇ, ಹಿಂದುಳಿದ ಕಾಯನ್ನು ಸಾಗಿಸಬೇಕೇ? ಇದು ಆಡುವವರ ಪಾಲು. ಎಲ್ಲ ಸುತ್ತನ್ನೂ ದಾಟಿ ನಡುಮನೆ ಸೇರಿದ ಕಾಯನ್ನು ನಮ್ಮವರು ‘ಹಣ್ಣಾಯಿತು’ ಎನ್ನುವರು. ಕಾಯಿ ಹಣ್ಣಾಗಲು ಕಾಲವೂ ಬೇಕು, ಕಾಯುವವನ ಜಾಣ್ಮೆಯೂ ಬೇಕು. ದೈವ ಪುರುಷಕಾರಗಳನ್ನು ರಥದ ಎರಡು ಗಾಲಿಗಳಿಗೆ ಹೋಲಿಸಿದ ಯಾಜ್ಞವಲ್ಕ್ಯಸ್ಮೃತಿಯ ಅಭಿಪ್ರಾಯವನ್ನು ನಮ್ಮ ಹೆಂಗಸರು ನಾಲ್ಕು ಕವಡೆಗಳಿಂದ ಮಕ್ಕಳಿಗೆ ತಿಳಿಸಿದರೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಮೂರನೆಯದು ಕೇವಲ ಪುರುಷಕಾರದ ಆಟ. ಹದಿನಾಲ್ಕು ಗುಳಿಗಳ ಅಳಗುಳಿಮಣೆ, ಚದುರಂಗ, ಆಡು ಹುಲಿಯಾಟ ಈ ವರ್ಗದವು. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳವರಿಗೆ ಹುಲಿಯೂ ಆಡೂ ಮಣೆಯ ಮೇಲಿನ ಹೆಸರುಗಳಷ್ಟೇ ಅಲ್ಲ. ದನದ ಕೊಟ್ಟಿಗೆಯ ಬಾಗಿಲಿನವರೆಗೂ ಬರುವ ಸಂಗತಿಗಳು. ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಆಡು. ಹುಲಿಗೆ ನೆಗೆದು ಕೊಲ್ಲುವ ಶಕ್ತಿಯುಂಟು; ಆಡುಗಳಿಗೆ ಒಟ್ಟುಗೂಡಿ ದಾರಿ ಕಟ್ಟುವ ಶಕ್ತಿಯುಂಟು. ದಾಳವಿಲ್ಲ, ಕವಡೆಯಿಲ್ಲ, ಸೋತವನು ತನ್ನನ್ನೇ ನಿಂದಿಸಿಕೊಳ್ಳಬೇಕು.

ಈ ಮೂರು ವರ್ಗಗಳನ್ನು ಒಟ್ಟಾಗಿ ನೋಡಿದರೆ ಒಂದು ವಿಶೇಷವು ಗೋಚರವಾಗುವುದು. ಎಲ್ಲಿ ಕಥೆಯು ಹೆಚ್ಚಾಗಿರುವುದೋ ಅಲ್ಲಿ ಆಟಗಾರನ ಸ್ವಾತಂತ್ರ್ಯ ಕಡಿಮೆ. ಎಲ್ಲಿ ಸ್ವಾತಂತ್ರ್ಯ ಹೆಚ್ಚೋ ಅಲ್ಲಿ ಕಥೆ ತೆಳು. ಗಂಜೀಫಾ ಎಲೆಗಳಲ್ಲಿಯೂ ಹೀಗೆಯೇ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ ೧೨೦ ಎಲೆಗಳು. ಹಗಲು ಆಡಿದರೆ ರಾಮನ ಎಲೆಗೆ ಮುಂದಾಳುತನ, ಇರುಳು ಆಡಿದರೆ ಕೃಷ್ಣನ ಎಲೆಗೆ. ಆದರೆ ಪುರಾಣವು ಎಲೆಯ ಚಿತ್ರದಲ್ಲಿದೆಯೇ ಹೊರತು ಆಟದ ನಡೆಯಲ್ಲಿಲ್ಲ. ಕಥೆಯನ್ನೂ ಆಯ್ಕೆಯನ್ನೂ ಒಂದೇ ಪಟದ ಮೇಲೆ ಕೂಡಿಸುವುದು ನಮ್ಮ ಪೂರ್ವಿಕರಿಗೂ ಕಷ್ಟವಾಗಿಯೇ ಇತ್ತು.

ಆದರೆ ಆಟವನ್ನೇ ಕಥೆಯ ನಡುವೆ ಇಟ್ಟು, ಆಯ್ಕೆಯೆಂದರೇನೆಂದು ವಿಚಾರಿಸಿದ ಕೃತಿಯೊಂದು ನಮ್ಮಲ್ಲುಂಟು. ಅದು ಮಹಾಭಾರತದ ಸಭಾಪರ್ವವು. ಗದುಗಿನ ಭಾರತವನ್ನು ವಾಚಿಸುವ ಮನೆಗಳಲ್ಲಿ ದ್ಯೂತಪ್ರಸಂಗವನ್ನು ಕೇಳದವರಿಲ್ಲ. ಶಕುನಿಯ ಕಪಟದಿಂದ ದಾಳಗಳು ಹೇಗೆ ಬೀಳುವುವೆಂಬುದು ಮೊದಲೇ ನಿಶ್ಚಿತವಾಗಿತ್ತು. ಧರ್ಮರಾಯನಿಗೆ ಉಳಿದಿದ್ದ ಸ್ವಾತಂತ್ರ್ಯವು ಒಂದೇ: ಏನನ್ನು ಪಣವಾಗಿಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು. ಸಭೆಗೆ ಎಳೆತರಲ್ಪಟ್ಟ ದ್ರೌಪದಿಯು ದಾಳ ಏಕೆ ಹಾಗೆ ಬಿದ್ದಿತೆಂದು ಕೇಳಲಿಲ್ಲ. ಅರಸನು ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ ಎಂದು ಕೇಳಿದಳು. ಅಂದರೆ ಅವಳ ಪ್ರಶ್ನೆಯು ದೈವವನ್ನು ಕುರಿತದ್ದಲ್ಲ. ನಡೆಯನ್ನೂ ನಡೆಗಳ ಕ್ರಮವನ್ನೂ ಕುರಿತದ್ದು. ಭೀಷ್ಮನಂಥವನೇ ಅದಕ್ಕೆ ನಿಶ್ಚಿತವಾದ ಉತ್ತರವನ್ನು ಕೊಡಲಾರದೆ ಹೋದನು. ದಾಳವು ಬಿದ್ದುದಕ್ಕೆ ಯಾರೂ ಉತ್ತರವಾದಿಗಳಲ್ಲ. ಪಣವಿಟ್ಟುದಕ್ಕೆ ಇಟ್ಟವನು ಉತ್ತರ ಹೇಳಬೇಕು. ಇದು ಆ ಪ್ರಸಂಗದ ಹೃದಯವೆಂದು ನನ್ನ ಭಾವನೆ.

ಇನ್ನು ನಮ್ಮ ಮೈಸೂರಿನ ಚರಿತ್ರೆಗೆ ಬರೋಣ. ಆಟಗಳ ವಿಷಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಷ್ಟು ಪರಿಶ್ರಮಪಟ್ಟ ಅರಸರು ಭರತಖಂಡದಲ್ಲಿ ವಿರಳ. (ನಮ್ಮ ಕೃಷ್ಣರಾಜನಗರಕ್ಕೆ ಹೆಸರು ಬಂದುದು ನಾಲ್ವಡಿಯವರಿಂದ, ಇಲ್ಲಿ ಹೇಳುವುದು ಅವರ ತಾತಂದಿರ ಸ್ಥಾನದಲ್ಲಿದ್ದ ಮುಮ್ಮಡಿಯವರನ್ನು.) ಅವರು ೧೭೯೪ರಲ್ಲಿ ಜನಿಸಿ, ೧೭೯೯ರಲ್ಲಿ ಐದು ವರ್ಷದ ಬಾಲಕರಾಗಿ ಸಿಂಹಾಸನವನ್ನೇರಿದರು. ೧೮೩೧ರಲ್ಲಿ ನಗರ ಪ್ರಾಂತದ ದಂಗೆಯ ತರುವಾಯ ಆಂಗ್ಲ ಸರ್ಕಾರವು ಆಡಳಿತವನ್ನು ಅವರಿಂದ ತೆಗೆದುಕೊಂಡಿತು. ಅಲ್ಲಿಂದ ೧೮೬೮ರಲ್ಲಿ ಸ್ವರ್ಗಸ್ಥರಾಗುವವರೆಗೆ ಮೂವತ್ತೇಳು ವರ್ಷಗಳ ಕಾಲ ಅವರು ರಾಜ್ಯವಿಲ್ಲದ ರಾಜರಾಗಿದ್ದರು.

ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯು ಒಂಬತ್ತು ನಿಧಿಗಳ ಮಹಾಗ್ರಂಥವು, ಮೊದಲನೆಯದು ಶಕ್ತಿನಿಧಿ, ಕಡೆಯದು ಕೌತುಕನಿಧಿ. ದೇವತಾಧ್ಯಾನಗಳಿಂದ ಆರಂಭವಾದ ಗ್ರಂಥವು ಗಂಜೀಫಾ ಮೊದಲಾದ ಆಟಗಳಲ್ಲಿ ಮುಗಿಯುವುದು ಗಮನಿಸತಕ್ಕ ವಿಷಯ. ಎಲೆಗಳಲ್ಲಿ ಅವರು ಹೊಸ ಹೊಸ ಬಗೆಗಳನ್ನು ಕಲ್ಪಿಸಿದರು. ಚದುರಂಗದ ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಯಲ್ಲಿ ಅವರಿಗೆ ವಿಶೇಷವಾದ ಆಸಕ್ತಿಯಿತ್ತು. ಈ ನಡೆಯು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಅಪರಿಚಿತವಲ್ಲ: ೯ನೆಯ ಶತಮಾನದ ರುದ್ರಟನು ಕಾವ್ಯಾಲಂಕಾರದಲ್ಲಿ ತುರಗಬಂಧವನ್ನು ತೋರಿಸಿರುವನು, ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿ, ಮೂವತ್ತೆರಡು ಅಕ್ಷರಗಳ ಶ್ಲೋಕವೊಂದರ ಮೇಲೆ ಕುದುರೆಯ ನಡೆಯಲ್ಲಿ ಸಾಗಿದರೆ ಮತ್ತೊಂದು ಶ್ಲೋಕವು ಹೊರಡುವಂತೆ ರಚಿಸಿರುವರು. ಈ ಸಮಸ್ಯೆಯ ಸ್ವಾರಸ್ಯವಿರುವುದು ಇಲ್ಲಿ: ಮೊದಲ ಮನೆಯಲ್ಲಿ ನಿಂತಾಗ ದಾರಿಗಳು ಅನೇಕ, ಒಂದೊಂದು ನಡೆಗೂ ಒಂದೊಂದು ಮನೆ ತೀರುತ್ತ ದಾರಿಗಳು ಕಿರಿದಾಗುವುವು, ಮುಟ್ಟಿದ ಮನೆಗೆ ಮತ್ತೆ ಹೋಗುವಂತಿಲ್ಲ.

ಆಡಳಿತವು ಕೈತಪ್ಪಿದುದರಿಂದಲೇ ಅರಸರು ಆಟಗಳಿಗೆ ಮನಸ್ಸು ಕೊಟ್ಟರೆಂದು ಕೆಲವರು ಹಗುರವಾಗಿ ಮಾತನಾಡುವುದುಂಟು. ಚರಿತ್ರೆಯು ಆ ಮಾತಿಗೆ ಒಪ್ಪುವುದಿಲ್ಲ. ಇದೇ ವರ್ಷಗಳಲ್ಲಿ ಅವರು ರಾಜ್ಯವನ್ನು ಹಿಂದಕ್ಕೆ ಕೊಡಬೇಕೆಂದು ಮನವಿಗಳನ್ನು ಕಳುಹಿಸುತ್ತಲೇ ಇದ್ದರು; ಅವು ತಿರಸ್ಕೃತವಾಗುತ್ತಲೇ ಇದ್ದುವು. ತಮ್ಮ ಜೀವಿತಕಾಲದಲ್ಲಿ ರಾಜ್ಯವು ಬಾರದೆಂಬುದು ಸ್ಪಷ್ಟವಾಗುತ್ತಿದ್ದಾಗ, ೧೮೬೫ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಅವರು ಚಾಮರಾಜೇಂದ್ರ ಒಡೆಯರನ್ನು ದತ್ತು ಸ್ವೀಕರಿಸಿದರು. ಆ ದತ್ತಕವನ್ನು ಆಂಗ್ಲ ಸರ್ಕಾರವು ೧೮೬೭ರಲ್ಲಿ ಒಪ್ಪಿತು. ಮರುವರ್ಷ ಅರಸರು ತೀರಿಕೊಂಡರು. ೧೮೮೧ರಲ್ಲಿ ರಾಜ್ಯವು ಚಾಮರಾಜೇಂದ್ರರ ಕೈಗೆ ಮರಳಿತು. ತಮ್ಮ ಕಥೆಯ ಅಂತ್ಯವನ್ನು ಬದಲಾಯಿಸಲು ಮುಮ್ಮಡಿಯವರಿಂದ ಆಗಲಿಲ್ಲ; ಅಂತ್ಯಕ್ಕೆ ಮುಂಚೆ ತಮಗೆ ಉಳಿದಿದ್ದ ಒಂದು ನಡೆಯನ್ನು ಅವರು ನಡೆಸಿದರು. ಅದರ ಫಲವು ಕಂಡುದು ಮುಂದಿನವರ ಕಥೆಯಲ್ಲಿ.

ಈಗ ಹುಡುಗನ ಪ್ರಶ್ನೆಗೆ ಹಿಂದಿರುಗೋಣ. ಗಣಕಯಂತ್ರದಲ್ಲಿ ಕಥೆಯನ್ನೂ ಆಯ್ಕೆಯನ್ನೂ ಕೂಡಿಸುವ ಪ್ರಯತ್ನಕ್ಕೆ ಈಗ ಅರ್ಧ ಶತಮಾನವಾಗುತ್ತ ಬಂದಿದೆ. ಅಮೆರಿಕದ ವಿಲ್ ಕ್ರೌದರ್ ಎಂಬವರು ೧೯೭೬ರ ಸುಮಾರಿನಲ್ಲಿ ಗುಹೆಯೊಂದರೊಳಗೆ ಅಲೆಯುವ ‘ಅಡ್ವೆಂಚರ್’ ಎಂಬ ಆಟವನ್ನು ರಚಿಸಿದರು. ಮರುವರ್ಷ ಡಾನ್ ವುಡ್ಸ್ ಎಂಬವರು ಅದನ್ನು ಬೆಳೆಸಿದರು. ಅದರಲ್ಲಿ ಚಿತ್ರಗಳಿರಲಿಲ್ಲ, ಒಂದೆರಡು ಪದಗಳನ್ನು ಬೆರಳಚ್ಚು ಮಾಡಿ ಆಜ್ಞೆ ಕೊಡಬೇಕಾಗಿತ್ತು. ೧೯೭೯ರಲ್ಲಿ ಎಡ್ವರ್ಡ್ ಪ್ಯಾಕರ್ಡ್ ಎಂಬವರ ‘ದಿ ಕೇವ್ ಆಫ್ ಟೈಮ್’ ಎಂಬ ಮಕ್ಕಳ ಪುಸ್ತಕವು, ಹೀಗೆ ಮಾಡುವುದಾದರೆ ಇಂಥ ಪುಟಕ್ಕೆ ಹೋಗು, ಹಾಗಾದರೆ ಇನ್ನೊಂದಕ್ಕೆ ಎಂಬ ಕ್ರಮದಲ್ಲಿ ಕವಲೊಡೆಯಿತು. ೨೦೧೮ರಲ್ಲಿ ಪ್ಯಾರಿಸಿನಿಂದ ಬಂದ ‘ಡೆಟ್ರಾಯ್ಟ್: ಬಿಕಮ್ ಹ್ಯೂಮನ್’ ಎಂಬ ಆಟದಲ್ಲಿ ಪ್ರತಿ ಅಧ್ಯಾಯವೂ ಮುಗಿದ ಮೇಲೆ, ಆಟಗಾರನು ಹಿಡಿದ ದಾರಿಯನ್ನೂ ಬಿಟ್ಟ ದಾರಿಗಳನ್ನೂ ವಂಶವೃಕ್ಷದಂತೆ ಬಿಡಿಸಿ ತೋರಿಸುವರು, ಮುಖ್ಯ ಪಾತ್ರವೊಂದು ಸತ್ತರೂ ಕಥೆ ಮುಂದುವರಿಯುವುದು.

ಇಷ್ಟು ಸಾಧನೆಯಾಗಿದ್ದರೂ ಮೂಲದ ಕಷ್ಟವು ಉಳಿದೇ ಇದೆ. ಪ್ರತಿಯೊಂದು ಕಡೆಯೂ ಎರಡು ಕವಲುಗಳನ್ನು ಬಿಟ್ಟರೆ, ಹತ್ತು ಆಯ್ಕೆಗಳಾಗುವ ಹೊತ್ತಿಗೆ ೧೦೨೪ ಕಥೆಗಳಾಗುವುವು. ಅಷ್ಟನ್ನು ಯಾರು ಬರೆಯುವರು, ಯಾರು ಚಿತ್ರಿಸುವರು? ಆದುದರಿಂದ ರಚಿಸುವವರು ಕವಲುಗಳನ್ನು ಸ್ವಲ್ಪ ದೂರ ಬಿಟ್ಟು, ಹೊಳೆಯ ಸೀಳುಗಳು ದ್ವೀಪವನ್ನು ಬಳಸಿ ಮತ್ತೆ ಕೂಡುವಂತೆ, ಒಂದೇ ಪಾತ್ರಕ್ಕೆ ತಂದು ಸೇರಿಸುವರು. ಲೀಯ ಮರಣವು ಅಂಥ ಸಂಗಮ. ಹುಡುಗನು ಅದನ್ನು ಮೋಸವೆಂದು ಬಗೆದನು.

ನಾನು ಅದನ್ನು ಮೋಸವೆನ್ನಲಾರೆನು. ಕರಾವಳಿಯ ತಾಳಮದ್ದಳೆಯನ್ನು ನೋಡಿರಿ. ಪ್ರಸಂಗದ ಪದ್ಯಗಳು ನಿಶ್ಚಿತ. ಕರ್ಣನು ಸಾಯುವುದೂ ನಿಶ್ಚಿತ. ಆದರೆ ಅರ್ಥಧಾರಿಯ ಮಾತುಗಳನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಸಾಯುವ ಕರ್ಣನು ಏನೆಂದು ಸಾಯುವನು, ಯಾರಿಗೆ ಯಾವ ಪ್ರಶ್ನೆಯನ್ನು ಕೇಳಿ ಸಾಯುವನು ಎಂಬುದು ಆ ರಾತ್ರಿ ಆ ಅರ್ಥಧಾರಿಯ ಕೈಯಲ್ಲಿದೆ. ಅದನ್ನು ಕೇಳುವುದಕ್ಕಾಗಿಯೇ ಜನರು ಬೆಳಗಿನವರೆಗೆ ಕುಳಿತಿರುವರು; ಕರ್ಣನು ಬದುಕುವನೇ ಎಂದು ನೋಡುವುದಕ್ಕಲ್ಲ. ಲೀಯ ಕಥೆಯಲ್ಲಿಯೂ ಆ ಬಾಲಿಕೆಯು ಅವನ ಮಾತನ್ನೂ ನಡತೆಯನ್ನೂ ನೆನಪಿನಲ್ಲಿಡುವಳೆಂದು ಆಟವು ಮತ್ತೆ ಮತ್ತೆ ಎಚ್ಚರಿಸುವುದು. ಕೊನೆಯ ಗಳಿಗೆಯಲ್ಲಿ ಅವಳು ಏನು ಮಾಡಬೇಕೆಂದು ಅವನು ಹೇಳಬೇಕಾಗುವುದು. ಅಂತ್ಯವು ದೈವದ ಪಾಲು; ಅಂತ್ಯದವರೆಗಿನ ನಡತೆ ಪುರುಷಕಾರದ ಪಾಲು. ಎರಡನೆಯದು ಚಿಕ್ಕದೆಂದು ಯಾರು ಹೇಳಬಲ್ಲರು?

ನನಗೆ ದೋಷವಾಗಿ ಕಂಡುದು ಬೇರೆ. ಹುಡುಗನು ಮನಸ್ಸಿಗೆ ಬಾರದ ಆಯ್ಕೆಯನ್ನು ಅಳಿಸಿ, ಹಿಂದಕ್ಕೆ ಹೋಗಿ, ಮತ್ತೆ ಆರಿಸಿದನಷ್ಟೆ. ಅಲ್ಲಿ ಅವನ ಆಯ್ಕೆಯು ತೂಕವನ್ನು ಕಳೆದುಕೊಂಡಿತು. ನಮ್ಮಜ್ಜಿಯ ಚೌಕಾಬಾರದಲ್ಲಿ ಮುಟ್ಟಿದ ಕಾಯನ್ನು ನಡೆಸಲೇಬೇಕಾಗಿತ್ತು. ಕುದುರೆಯ ನಡೆಯಲ್ಲಿ ಮುಟ್ಟಿದ ಮನೆಗೆ ಮರಳುವಂತಿಲ್ಲ. ದ್ರೌಪದಿಯ ಪ್ರಶ್ನೆಗೆ ಬಲ ಬಂದುದು ಇಟ್ಟ ಪಣವನ್ನು ಹಿಂದಕ್ಕೆ ತೆಗೆಯುವಂತಿರಲಿಲ್ಲವಾದ ಕಾರಣದಿಂದಲೇ.

ಇದನ್ನು ನಾನು ಅನುಭವದಿಂದ ಬರೆಯುತ್ತಿರುವೆನು. ಉಪಾಧ್ಯಾಯನಾಗಿದ್ದಾಗ, ಶಾಲೆಯ ಜಗಲಿಯ ಮೇಲೆ ಸುಣ್ಣದ ಕಡ್ಡಿಯಿಂದ ಹುಲಿಯ ಮನೆ ಬರೆದು ಆಡುತ್ತಿದ್ದ ಇಬ್ಬರು ಹುಡುಗರನ್ನು ಕಂಡು, ಮನೆಯನ್ನು ಅಳಿಸಿ ಅವರನ್ನು ಗದರಿಸಿದ್ದೆನು. ಅವರಲ್ಲಿ ಒಬ್ಬನು ಆಡುಗಳನ್ನು ಹೂಡಿದ ಕ್ರಮವು ಅಸಾಧಾರಣವಾಗಿತ್ತು; ಅದನ್ನು ನಾನು ಕಂಡೆನು, ಕಂಡೂ ಅಳಿಸಿದೆನು. ಆ ವರ್ಷದ ಕೊನೆಯಲ್ಲಿ ಅವನ ತಂದೆಯು ಬಂದು, “ಮೇಷ್ಟ್ರೇ, ಇವನನ್ನು ಮುಂದಕ್ಕೆ ಓದಿಸಲೋ, ಬಿಡಿಸಲೋ?” ಎಂದು ಕೇಳಿದಾಗ, ಶಬ್ದಗಳನ್ನೂ ಮಗ್ಗಿಯನ್ನೂ ತಪ್ಪದೆ ಒಪ್ಪಿಸುವುದನ್ನೇ ಬುದ್ಧಿಯೆಂದು ನಂಬಿದ್ದ ನಾನು, ಓದು ಇವನಿಗೆ ಹತ್ತುವುದಿಲ್ಲವೆಂದು ಹೇಳಿಬಿಟ್ಟೆನು. ಹುಡುಗನು ಹೊಗೆಸೊಪ್ಪಿನ ಕೆಲಸಕ್ಕೆ ಹೋದನು. ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಕಾಲು ಮುಟ್ಟಿ ನಮಸ್ಕರಿಸಿ, ನನ್ನ ಚೀಲವನ್ನು ಬಸ್ಸಿಗೆ ಏರಿಸಿ ಹೋದನು. ಅವನ ಮನಸ್ಸಿನಲ್ಲಿ ಯಾವ ಕಹಿಯೂ ಇದ್ದಂತೆ ಕಾಣಲಿಲ್ಲ. ನನ್ನ ಆ ಮಾತನ್ನು ಹಿಂದಕ್ಕೆ ತಿರುಗಿಸುವ ಗುಂಡಿಯು ಯಾವ ಯಂತ್ರದಲ್ಲಿಯೂ ಇಲ್ಲ.

ಮರುದಿನ ಬೆಳಿಗ್ಗೆ ಇದನ್ನು ದೌಹಿತ್ರನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಈ ಸಲ ಹಿಂದಕ್ಕೆ ತಿರುಗಿಸದೆ ಆಡುತ್ತೇನೆ, ತಾತ” ಎಂದನು. ಆ ಸಂಜೆ ನಾನು ಸುಣ್ಣದ ಕಡ್ಡಿಯನ್ನು ಹುಡುಕಿ, ನಮ್ಮ ಜಗಲಿಯ ಮೇಲೆ ಹುಲಿಯ ಮನೆಯನ್ನು ಬರೆದೆನು. ಬೀದಿಯ ಮಕ್ಕಳು ಈಗ ಅದರ ಮೇಲೆ ಆಡುತ್ತಿರುವರು. ಅದನ್ನು ಯಾರೂ ಅಳಿಸುವುದಿಲ್ಲ.